ಇಜಕಾಯದ ಮೇಜು: ತಟ್ಟೆ ಎಲ್ಲರದು, ಬಿಲ್ಲೂ ಎಲ್ಲರದು

ಟೋಕಿಯೋದ ಇಜಕಾಯವೊಂದಕ್ಕೆ, ಅಂದರೆ ಕುಡಿಯುತ್ತ ತಿನ್ನುವ ಅಂಗಡಿಗೆ, ಗೆಳೆಯರ ಜೊತೆ ಹೋಗಿ ಕೂತರೆ ಮೊದಲು ಮೇಜಿಗೆ ಬರುವುದು ನೀವು ಕೇಳದೇ ಇದ್ದ ತಿನಿಸು. ಕೈ ಒರೆಸಿಕೊಳ್ಳಲು ಬಿಸಿ ಒದ್ದೆಬಟ್ಟೆ ಕೊಡುತ್ತಾರೆ, ಅದರ ಬೆನ್ನಿಗೇ ತಲೆಗೊಂದು ಪುಟ್ಟ ಬಟ್ಟಲು. ಅದರಲ್ಲಿರುವುದು ಎರಡೇ ತುತ್ತು: ಎಳ್ಳೆಣ್ಣೆಯಲ್ಲಿ ಹೊರಳಿಸಿದ ಸೌತೆಕಾಯಿಯೋ, ಸೋಯಾ ರಸದಲ್ಲಿ ಬೆಂದ ಮೂಲಂಗಿಯೋ, ಒಂದಿಷ್ಟು ಸಣ್ಣ ಮೀನೋ. ಹೊಸಬರು ಪುಕ್ಕಟೆ ಎಂದುಕೊಂಡು ಖುಷಿಯಿಂದ ತಿನ್ನುತ್ತಾರೆ. ಕೊನೆಗೆ ಬಿಲ್ಲಿನಲ್ಲಿ ತಲೆಗೆ 300ರಿಂದ 500 ಯೆನ್ ಸೇರಿರುವುದು ಕಂಡಾಗ ಮುಖ ಸಪ್ಪಗಾಗುತ್ತದೆ.

ಈ ಬಟ್ಟಲನ್ನು ಟೋಕಿಯೋ ಕಡೆ ಓತೋಶಿ, ಓಸಾಕಾ ಕಡೆ ತ್ಸುಕಿದಾಶಿ ಎನ್ನುತ್ತಾರೆ. ಪ್ರವಾಸಿಗರು ಇದನ್ನು ಮೋಸವೆಂದು ಬೈಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ. ಹತ್ತು-ಹನ್ನೆರಡು ಕುರ್ಚಿಯ ಅಂಗಡಿಯಲ್ಲಿ ನಾಲ್ವರು ಮೂರು ತಾಸು ಕೂತರೆ ಆ ಕುರ್ಚಿಗಳ ಬಾಡಿಗೆ ಎಲ್ಲಿಂದಾದರೂ ಹುಟ್ಟಲೇಬೇಕು. ಮೇಲಾಗಿ ಅಡುಗೆಯವರ ಕೈಗುಣ ಆ ಎರಡು ತುತ್ತಿನಲ್ಲೇ ತಿಳಿದುಬಿಡುತ್ತದೆ. ಓತೋಶಿ ಸಪ್ಪೆಯಾಗಿದ್ದರೆ ಒಂದು ಸುತ್ತಿಗೇ ಮುಗಿಸಿ ಬೇರೆ ಅಂಗಡಿ ಹುಡುಕುವವರಿದ್ದಾರೆ, ಅವರು ಜಾಣರು.

ಇಜಕಾಯ ಬಾರೂ ಅಲ್ಲ, ಊಟದ ಹೋಟೆಲೂ ಅಲ್ಲ. ಬಾಗಿಲ ಬಳಿ ಕೆಂಪು ಕಾಗದದ ಲಾಂದ್ರ, ತಲೆ ತಾಗುವಂತೆ ಇಳಿಬಿಟ್ಟ ಬಟ್ಟೆಯ ಪರದೆ, ಒಳಗೆ ಕಾಲಿಟ್ಟ ಕೂಡಲೇ ಅಡುಗೆಮನೆಯಿಂದ ಹಿಡಿದು ಎಲ್ಲರೂ ಒಟ್ಟಿಗೆ ಕೂಗುವ ಸ್ವಾಗತ. ಗೋಡೆಯ ತುಂಬ ಉದ್ದುದ್ದ ಕಾಗದದ ಚೀಟಿಗಳಲ್ಲಿ ಕೈಯಲ್ಲಿ ಬರೆದ ತಿನಿಸಿನ ಹೆಸರುಗಳು. ಕುಡಿಯಲು ಬಂದವರು ಇಲ್ಲಿ ತಿನ್ನದೆ ಏಳುವುದಿಲ್ಲ. ಬರೀ ಕುಡಿತವಾಗಿದ್ದರೆ ಯಾರಾದರೂ ತಮ್ಮ ಪಾಡಿಗೆ ತಾವು ಕುಡಿದು ಹೋಗಬಹುದಿತ್ತು. ಇಲ್ಲಿ ಒಬ್ಬರಿಗೆಂದು ಯಾವ ತಿನಿಸನ್ನೂ ತರಿಸುವುದಿಲ್ಲ. ಬಂದದ್ದೆಲ್ಲ ಮೇಜಿನ ನಡುವೆ ಇಳಿಯುತ್ತದೆ, ಅಲ್ಲಿಂದ ಎಲ್ಲರ ಪುಟ್ಟ ತಟ್ಟೆಗೂ ಹೋಗುತ್ತದೆ. ಗೆಳೆಯರ ಗುಂಪಿಗೆ ಇಜಕಾಯ ಹೇಳಿ ಮಾಡಿಸಿದ ಜಾಗವಾಗಿರುವುದು ಇದೇ ಕಾರಣಕ್ಕೆ ಎಂಬುದು ನನ್ನ ಎಣಿಕೆ.

ಇದರ ಬೇರು ಟೋಕಿಯೋ ನಗರಕ್ಕೆ ಎದೋ ಎಂಬ ಹೆಸರಿದ್ದ ಕಾಲದಲ್ಲಿದೆ. ಆಗ ಮದ್ಯದಂಗಡಿಗಳು ಅಕ್ಕಿಯ ಮದ್ಯವಾದ ಸಾಕೆಯನ್ನು ಪೀಪಾಯಿಯಿಂದ ಅಳೆದು ಮಾರುತ್ತಿದ್ದವು. ಕೊಂಡವರು ಮನೆಗೆ ಒಯ್ಯುವ ಬದಲು ಅಲ್ಲೇ ಕೂತು ಕುಡಿಯತೊಡಗಿದರು. 1596ರಲ್ಲಿ ಎದೋದ ಕಾಂಡಾ ಬಡಾವಣೆಯ ನದಿದಂಡೆಯಲ್ಲಿ ಶುರುವಾದ ತೋಶಿಮಾಯಾ ಎಂಬ ಅಂಗಡಿಯ ಕಥೆ ಇಂದಿಗೂ ಹೇಳುತ್ತಾರೆ. ಎದೋ ಕೋಟೆ ಕಟ್ಟಲು ಕಲ್ಲು, ಮರ ಬಂದಿಳಿಯುತ್ತಿದ್ದ ಜಾಗ ಅದು. ಕೂಲಿಯವರು, ಕುಶಲಕರ್ಮಿಗಳು ಕಿಕ್ಕಿರಿದಿದ್ದರು. ಅಂಗಡಿಯಾತ ಸಾಕೆಯನ್ನು ಅಗ್ಗಕ್ಕೆ ಕೊಟ್ಟ, ಜೊತೆಗೆ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟನ್ನು ಸವರಿ ಕೆಂಡದ ಮೇಲೆ ಸುಟ್ಟ ತೋಫುವಿನ ದೊಡ್ಡ ದೊಡ್ಡ ತುಂಡುಗಳನ್ನು ಮಾರಿದ. ಖಾಲಿ ಪೀಪಾಯಿಗಳನ್ನು ಮಾರಿಯೇ ಲಾಭ ಮಾಡಿಕೊಂಡನೆಂಬ ಮಾತಿದೆ. ತೋಶಿಮಾಯಾ ಹೆಸರಿನ ವ್ಯಾಪಾರ ಕಾಂಡಾದಲ್ಲಿ ಈಗಲೂ ನಡೆಯುತ್ತಿದೆ.

ಎದೋ ಒಂಟಿ ಗಂಡಸರ ಊರಾಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. 1721ರ ಜನಗಣತಿಯಲ್ಲಿ ಸಮುರಾಯಿಗಳನ್ನು ಬಿಟ್ಟು ಊರಿನ ಸಾಮಾನ್ಯ ನಿವಾಸಿಗಳನ್ನಷ್ಟೇ ಎಣಿಸಿದಾಗ ಸುಮಾರು 3.2 ಲಕ್ಷ ಗಂಡಸರಿಗೆ 1.8 ಲಕ್ಷ ಹೆಂಗಸರಿದ್ದರು. ದೊರೆಗಳ ಹಿಂದೆ ಊರು ಬಿಟ್ಟು ಬಂದ ಸಮುರಾಯಿಗಳನ್ನು ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. 1657ರ ಮಹಾ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋದ ಮೇಲೆ ಮರಳಿ ಕಟ್ಟಲು ಬಡಗಿಗಳು, ಗಾರೆಯವರು ಹಿಂಡುಹಿಂಡಾಗಿ ಬಂದರು. ಇವರಿಗೆಲ್ಲ ಬೇಯಿಸಿ ಹಾಕುವವರಿರಲಿಲ್ಲ. ಹಾಗಾಗಿ ಬೇಯಿಸಿದ ತಿನಿಸು ಮಾರುವ ಅಂಗಡಿಗಳೂ ಮದ್ಯದಂಗಡಿಗಳೂ ಒಂದಕ್ಕೊಂದು ಬೆರೆತವು. 1811ರ ಲೆಕ್ಕದಲ್ಲಿ ಎದೋದಲ್ಲಿ ಇಂಥ 1,800ಕ್ಕೂ ಹೆಚ್ಚು ಅಂಗಡಿಗಳಿದ್ದವು. ಜಪಾನಿನ ಟಿವಿಯ ಐತಿಹಾಸಿಕ ಧಾರಾವಾಹಿಗಳಲ್ಲಿ ಎದೋ ಕಾಲದ ಇಜಕಾಯ ತೋರಿಸುವಾಗ ಮೇಜು ಹಾಕಿಬಿಡುತ್ತಾರೆ; ಅದು ತಪ್ಪು. ಆಗ ಜಗಲಿಯಂಥ ಮಣೆಯ ಮೇಲೆ ಕೂತು, ತಟ್ಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ತಿನ್ನುತ್ತಿದ್ದರು. ಸಾಕೆಯನ್ನು ಸಾಮಾನ್ಯವಾಗಿ ಬಿಸಿ ಮಾಡಿಯೇ ಕೊಡುತ್ತಿದ್ದರು. ಹಳೆಯ ಕಟ್ಟಡ ನೋಡಬೇಕೆನ್ನುವವರು ಟೋಕಿಯೋದ ಹೊರವಲಯದ ಕೊಗಾನೆಯಿಯಲ್ಲಿರುವ ಬಯಲು ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ 1856ರಲ್ಲಿ ಕಟ್ಟಿದ್ದೆನ್ನಲಾದ ಕಾಗಿಯಾ ಎಂಬ ಇಜಕಾಯದ ಕಟ್ಟಡವನ್ನು ಕಿತ್ತು ತಂದು ಮತ್ತೆ ನಿಲ್ಲಿಸಿದ್ದಾರೆ.

ಈಗಿನ ಮೇಜಿಗೆ ಬರೋಣ. ಕೂತ ಕೂಡಲೇ ಯಾರಾದರೂ ‘ತೋರಿಆಯೆಝು ಬೀರು’ ಎನ್ನುತ್ತಾರೆ, ಸದ್ಯಕ್ಕೆ ಬಿಯರ್ ಇರಲಿ ಎಂದು. ಎಲ್ಲರಿಗೂ ಬಿಯರ್ ಇಷ್ಟವೆಂದಲ್ಲ. ಒಬ್ಬರಿಗೆ ಬಿಸಿ ಸಾಕೆ, ಇನ್ನೊಬ್ಬರಿಗೆ ನಿಂಬೆ ಹಿಂಡಿದ ಶೋಚು ಎಂಬ ಭಟ್ಟಿ ಮದ್ಯ, ಮತ್ತೊಬ್ಬರಿಗೆ ಸೋಡಾ ಬೆರೆಸಿದ ವಿಸ್ಕಿ ಎಂದರೆ ಒಂದೊಂದೂ ಒಂದೊಂದು ಹೊತ್ತಿಗೆ ಬರುತ್ತದೆ. ಎಲ್ಲರ ಕೈಗೂ ಲೋಟ ಬರುವ ತನಕ ಯಾರೂ ಗುಟುಕರಿಸುವಂತಿಲ್ಲ. ಒಟ್ಟಿಗೆ ‘ಕಂಪಾಯ್’ ಹೇಳಿದ ಮೇಲೆಯೇ ಶುರು. ನಲ್ಲಿಯಿಂದ ಸುರಿಯುವ ಬಿಯರಾದರೆ ಆರು ಮಗ್ಗು ಒಂದೇ ಗಳಿಗೆಯಲ್ಲಿ ಬಂದುಬಿಡುತ್ತದೆ. ಇತ್ತೀಚೆಗೆ ಯುವಕರು ಮೊದಲ ಸುತ್ತಿಗೇ ತಮಗೆ ಬೇಕಾದ್ದನ್ನು ಕೇಳುತ್ತಾರೆ. ಮದ್ಯ ಬೇಡದವರು ಊಲಾಂಗ್ ಚಹಾ ತರಿಸಿಕೊಂಡೇ ಲೋಟ ಎತ್ತುತ್ತಾರೆ. ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ನಮ್ಮ ಲೋಟಕ್ಕೆ ನಾವೇ ಸುರಿದುಕೊಳ್ಳಬಾರದು ಎಂಬುದು ಇನ್ನೊಂದು ರೂಢಿ. ಪಕ್ಕದವರ ಲೋಟದ ಮೇಲೆ ಕಣ್ಣಿಟ್ಟು ನೀವು ಸುರಿಯಬೇಕು, ನಿಮ್ಮದು ಬರಿದಾದರೆ ಅವರು ಸುರಿಯುತ್ತಾರೆ. ಕಚೇರಿಯ ಕೂಟದಲ್ಲಿ ಇದಕ್ಕೆ ಕಟ್ಟುಪಾಡು ಜಾಸ್ತಿ: ಹಿರಿಯರಿಗೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಸುರಿಯಬೇಕು, ಲೋಟ ತಾಗಿಸುವಾಗ ನಿಮ್ಮದು ಅವರದಕ್ಕಿಂತ ತುಸು ಕೆಳಗಿರಬೇಕು. ಗೆಳೆಯರ ನಡುವೆ ಇದು ಸಡಿಲ. ಎರಡು ಸುತ್ತಾದ ಮೇಲೆ ಎಲ್ಲರೂ ತಮ್ಮದನ್ನು ತಾವೇ ನೋಡಿಕೊಳ್ಳುತ್ತಾರೆ. ಇದರಲ್ಲೊಂದು ಕಿವಿಮಾತಿದೆ. ಸಾಕಾಗಿದ್ದರೆ ಲೋಟವನ್ನು ತುಂಬಿದಂತೆಯೇ ಬಿಟ್ಟುಬಿಡಿ. ಬರಿದಾದ ಲೋಟ ಕಂಡರೆ ಸುರಿಯುವುದು ಸೌಜನ್ಯ, ತುಂಬಿದ ಲೋಟಕ್ಕೆ ಯಾರೂ ಕೈ ಹಾಕುವುದಿಲ್ಲ.

ತಿನಿಸಿನ ಸಾಲು ಹಗುರಾದದ್ದರಿಂದ ಭಾರವಾದದ್ದಕ್ಕೆ ಸಾಗುತ್ತದೆ. ಮೊದಲು ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ, ಅಂದರೆ ಎದಮಾಮೆ. ಸಿಪ್ಪೆಯನ್ನು ಹಲ್ಲಿನಲ್ಲಿ ಒತ್ತಿ ಕಾಳನ್ನಷ್ಟೇ ತಿನ್ನುವುದು. ಅವರೆ ಸೊಗಡಿನ ಕಾಲದಲ್ಲಿ ಮೈಸೂರು ಸೀಮೆಯವರ ಕೈ ಹೇಗೆ ತಾನಾಗಿ ಓಡುತ್ತದೋ ಇಲ್ಲೂ ಹಾಗೆಯೇ. ಆಮೇಲೆ ಶುಂಠಿ, ಈರುಳ್ಳಿ ಎಲೆ ಉದುರಿಸಿದ ತಣ್ಣನೆಯ ತೋಫು, ಹಸಿ ಮೀನಿನ ತೆಳು ಹೋಳುಗಳಾದ ಸಾಶಿಮಿ, ಮೊಟ್ಟೆಯನ್ನು ಪದರಪದರವಾಗಿ ಸುತ್ತಿದ ದಾಶಿಮಾಕಿ. ಜಪಾನೀಯರು ಆಲೂಗಡ್ಡೆ ಸಲಾಡನ್ನು ಇಷ್ಟೊಂದು ಪ್ರೀತಿಸುತ್ತಾರೆಂದು ಇಜಕಾಯಕ್ಕೆ ಹೋಗದವರಿಗೆ ಗೊತ್ತಾಗುವುದಿಲ್ಲ.

ಕೆಂಡದ ಪಾಳಿ ನಂತರದ್ದು. ಯಾಕಿತೋರಿ ಎಂದರೆ ಬಿದಿರುಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ. ಅದರಲ್ಲಿ ತೊಡೆಯ ಮಾಂಸ, ಚರ್ಮ, ಪಿತ್ತಜನಕಾಂಗ, ಹೃದಯ, ಮೆದುಎಲುಬು ಎಂದು ಕೋಳಿಯ ಒಂದೊಂದು ಭಾಗಕ್ಕೂ ಬೇರೆ ಕಡ್ಡಿ, ಬೇರೆ ಹೆಸರು. ಬರೀ ಉಪ್ಪೋ, ಸೋಯಾ ಸಿಹಿರಸವೋ ಎಂದು ಕೇಳುತ್ತಾರೆ. ಒಳ್ಳೆಯ ಅಂಗಡಿಯಲ್ಲಿ ಬಿಂಚೋತಾನ್ ಇದ್ದಿಲು ಬಳಸುತ್ತಾರೆ. ಓಕ್ ಜಾತಿಯ ಮರದಿಂದ ಮಾಡಿದ ಈ ಇದ್ದಿಲು ಒಂದಕ್ಕೊಂದು ತಾಗಿದರೆ ಲೋಹದಂತೆ ಕಣಕಣ ಎನ್ನುತ್ತದೆ. ಹೊಗೆ ಕಡಿಮೆ, ಶಾಖ ಬಹಳ ಹೊತ್ತು ಒಂದೇ ಸಮ. ಹಾಗಾಗಿಯೇ ಹೊರಗೆ ಗರಿಗರಿ, ಒಳಗೆ ರಸ.

ಮೇಜಿನ ರಾಜಕೀಯ ಕಾಣಬೇಕಾದರೆ ಕರಿದ ಕೋಳಿಯ ತಟ್ಟೆ ಬರಬೇಕು. ಕರಾಆಗೆ ಎಂಬ ಈ ತಿನಿಸಿನ ಜೊತೆಗೆ ನಿಂಬೆಯ ಹೋಳು ಬರುತ್ತದೆ. ಯಾರಾದರೂ ಮುಂದಾಗಿ ಎಲ್ಲದರ ಮೇಲೂ ಹಿಂಡಿಬಿಟ್ಟರೆ ಅದು ಉಪಕಾರವೋ ಅತಿಕ್ರಮಣವೋ? 2017ರಲ್ಲಿ ಬಂದ ‘ಕ್ವಾರ್ಟೆಟ್’ ಎಂಬ ಟಿವಿ ಧಾರಾವಾಹಿಯ ಮೊದಲ ಕಂತಿನಲ್ಲೇ ಪಾತ್ರಗಳು ಇದರ ಮೇಲೆ ವಾಗ್ವಾದಕ್ಕಿಳಿದು ಅದು ದೇಶದ ಮಾತಾಯಿತು. ಯಾಕಿತೋರಿಯನ್ನು ಕಡ್ಡಿಯಿಂದ ಬಿಡಿಸಿ ಹಂಚಬೇಕೋ, ಕಡ್ಡಿಯಲ್ಲೇ ತಿನ್ನಬೇಕೋ ಎಂಬುದೂ ಇಂಥದ್ದೇ ಜಗಳ. ದಯವಿಟ್ಟು ಬಿಡಿಸಬೇಡಿ ಎಂದು ಅಂಗಡಿಯವರೇ ಬೇಡಿಕೊಂಡದ್ದುಂಟು, ರಸ ಸೋರಿ ಆರಿಹೋಗುತ್ತದೆಂದು. ನನ್ನ ಓಟು ಅಂಗಡಿಯವರಿಗೆ. ತಟ್ಟೆಯಲ್ಲಿ ಉಳಿದ ಕಟ್ಟಕಡೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ. ಎಲ್ಲರಿಗೂ ಬೇಕು, ಎಲ್ಲರೂ ಬೇಡವೆನ್ನುತ್ತಾರೆ. ಅದಕ್ಕೆ ಓಸಾಕಾ ಕಡೆ ‘ಸಂಕೋಚದ ಗಡ್ಡೆ’ ಎಂದೇ ಹೆಸರಿಟ್ಟಿದ್ದಾರೆ. ಕೊನೆಗೆ ಗುಂಪಿನಲ್ಲಿ ಹೆಚ್ಚು ತಿನ್ನುವವನೆಂದು ಹೆಸರಾದವನಿಗೆ ಅದು ಕಡ್ಡಾಯವಾಗಿ ಸಲ್ಲುತ್ತದೆ.

ಚಾಪ್‌ಸ್ಟಿಕ್ಕಿನ ವಿಷಯದಲ್ಲಿ ಎರಡೇ ಎರಡು ಕಟ್ಟುನಿಟ್ಟು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದು. ಶವಸಂಸ್ಕಾರದ ನಂತರ ಅಸ್ಥಿಯನ್ನು ಹಾಗೆ ಎತ್ತುತ್ತಾರೆ. ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು; ಅದು ಸತ್ತವರ ಮುಂದಿಡುವ ಎಡೆ. ಉಳಿದ ತಪ್ಪುಗಳನ್ನು ವಿದೇಶಿಯರಿಗೆ ಮಾಫಿ ಮಾಡುತ್ತಾರೆ.

ಸಾಕೆಯಲ್ಲಿ ಮದ್ಯಸಾರ ಸುಮಾರು ಶೇ 15-16, ಬಿಯರಿಗಿಂತ ಮೂರು ಪಟ್ಟು. ಅದನ್ನು ತಣ್ಣಗೆ, ಉಗುರುಬೆಚ್ಚಗೆ, ಬಿಸಿಯಾಗಿ ಹೇಗೆ ಬೇಕಾದರೂ ಕೇಳಬಹುದು. ಕೆಲವೆಡೆ ಲೋಟವನ್ನು ಮಾಸು ಎಂಬ ಚೌಕ ಮರದ ಡಬ್ಬಿಯೊಳಗಿಟ್ಟು ತುಂಬಿ ಹೊರಚೆಲ್ಲುವಂತೆ ಸುರಿಯುತ್ತಾರೆ. ಇದು ಹಿಂದೆ ಅಕ್ಕಿ ಅಳೆಯುತ್ತಿದ್ದ ಡಬ್ಬಿ, ಸಣ್ಣದರ ಅಳತೆ 180 ಮಿಲಿಲೀಟರ್. ಚೆಲ್ಲಿದ್ದೂ ನಿಮ್ಮದೇ, ಕೊನೆಗೆ ಡಬ್ಬಿಯಿಂದ ಕುಡಿಯಬಹುದು. ಕೋಜಿ ಬೂಷ್ಟು ಬಳಸಿ ಸಾಕೆ, ಶೋಚು ತಯಾರಿಸುವ ಜ್ಞಾನವನ್ನು ಯುನೆಸ್ಕೊ 2024ರ ಡಿಸೆಂಬರಿನಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಟೋಕಿಯೋದ ಹಳೆಯ ದುಡಿಯುವ ವರ್ಗದ ಬಡಾವಣೆಗಳಲ್ಲಿ ಮಾತ್ರ ಸಾಕೆಗಿಂತ ಹೊಪ್ಪಿಗೆ ಹೆಚ್ಚು ಮಾನ. ಬಿಯರ್ ಕೈಗೆಟುಕದಿದ್ದ 1948ರಲ್ಲಿ ಬಂದ ಪೇಯವಿದು. ಬಿಯರಿನ ರುಚಿ, ಮದ್ಯಸಾರ ಶೇ 0.8 ಮಾತ್ರ. ಅದನ್ನು ಶೋಚು ಹಾಕಿದ ಲೋಟಕ್ಕೆ ಬೆರೆಸಿಕೊಳ್ಳುತ್ತಾರೆ. ಬರೀ ಶೋಚು ಬೇಕಾದರೆ ‘ಒಳಗಿನದು’, ಬರೀ ಹೊಪ್ಪಿ ಬೇಕಾದರೆ ‘ಹೊರಗಿನದು’ ಎಂದು ಕೇಳಬೇಕು.

ಅನ್ನ ಎಲ್ಲಕ್ಕೂ ಕೊನೆ. ನಮಗೆ ಇದು ತಲೆಕೆಳಗೆನಿಸುತ್ತದೆ. ಅಕ್ಕಿಯಿಂದಲೇ ಆದ ಸಾಕೆ ಕುಡಿಯುತ್ತಿರುವಾಗ ಅನ್ನ ತಿನ್ನುವುದು ಅವರಿಗೆ ಸರಿಬರುವುದಿಲ್ಲ. ಲೋಟ ಕೆಳಗಿಟ್ಟ ಮೇಲೆ ಚಹಾ ಸುರಿದ ಅನ್ನವೋ, ಸುಟ್ಟ ಅನ್ನದ ಉಂಡೆಯೋ, ಒಂದು ಬಟ್ಟಲು ಮಿಸೊ ಸಾರೋ ಬಂದರೆ ಆ ಮೇಜಿನ ಕೆಲಸ ಮುಗಿಯಿತೆಂದು ಅರ್ಥ. ಎರಡನೆಯ ಅಂಗಡಿಗೆ ಹೋಗುವುದೋ ಮನೆಗೋ ಎಂಬ ಚರ್ಚೆ ಅಲ್ಲಿಂದ ಶುರು.

ದುಡ್ಡಿನ ಲೆಕ್ಕಕ್ಕೆ ಗುಂಪಿನಲ್ಲಿ ಒಬ್ಬರು ಕಾನ್‌ಜಿ ಇರುತ್ತಾರೆ. ಜಾಗ ಕಾಯ್ದಿರಿಸುವುದು, ಬಂದವರಿಂದ ದುಡ್ಡು ವಸೂಲಿ ಮಾಡುವುದು ಅವರ ಪಾಡು. ಬಿಲ್ಲನ್ನು ಸಮನಾಗಿ ಹಂಚುವುದು ವಾಡಿಕೆ. ದೊಡ್ಡ ಗುಂಪುಗಳು ನೊಮಿಹೋದಾಯ್ ತೆಗೆದುಕೊಳ್ಳುತ್ತವೆ: ಒಂದು ದರ, ಸಾಮಾನ್ಯವಾಗಿ ಎರಡು ತಾಸು, ಎಷ್ಟಾದರೂ ಕುಡಿಯಿರಿ. ನನ್ನ ಮಟ್ಟಿಗೆ ಇದು ನಷ್ಟದ ವ್ಯವಹಾರ. ಗಡಿಯಾರ ನೋಡುತ್ತ ಕುಡಿಯುವವರು ಮಾತು ಮರೆಯುತ್ತಾರೆ, ಅಡುಗೆಯೂ ಅಂಥ ದರಕ್ಕೆ ತಕ್ಕಂತೆಯೇ ಇರುತ್ತದೆ.

ಸಮಪಾಲಿನ ಬಿಲ್ಲು ನಿಜವಾಗಿ ಚುಚ್ಚುವುದು ಕುಡಿಯದ ಸಸ್ಯಾಹಾರಿಗೆ. ಟೋಕಿಯೋದ ನಿಶಿ-ಕಸಾಯಿಯ ಸುತ್ತ ಭಾರತೀಯರ ದೊಡ್ಡ ನೆಲೆಯೇ ಇದೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಕನ್ನಡಿಗರಿಗೂ, ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಜಪಾನಿಗೆ ಹೋಗಿಬರುವವರಿಗೂ ಸಹೋದ್ಯೋಗಿಗಳ ಇಜಕಾಯ ಕರೆ ತಪ್ಪಿದ್ದಲ್ಲ. ಅವರಲ್ಲಿ ಸಸ್ಯಾಹಾರಿಗಳ ತೊಂದರೆ ಕಣ್ಣಿಗೆ ಕಾಣುವ ಮಾಂಸದ್ದಲ್ಲ, ದಾಶಿಯದು. ಹೊಗೆಯಲ್ಲಿ ಒಣಗಿಸಿದ ಮೀನು ಮತ್ತು ಕಡಲಕಳೆಯಿಂದ ತೆಗೆದ ಈ ಸಾರು ಮಿಸೊ ಸೂಪಿನಲ್ಲಿದೆ, ಕರಿದ ತೋಫುವಿನ ಕೆಳಗಿದೆ, ಬೇಯಿಸಿದ ತರಕಾರಿಯಲ್ಲೂ ಇದೆ. ತಣ್ಣನೆಯ ತೋಫುವಿನ ಮೇಲೆ ಮರದ ಹೊಟ್ಟಿನಂತೆ ಉದುರಿಸಿರುವುದು ಅದೇ ಮೀನಿನ ತುರಿ. ಆಲೂಗಡ್ಡೆ ಸಲಾಡಿನಲ್ಲಿ ಹ್ಯಾಮ್ ಅಡಗಿರುತ್ತದೆ. ಎದಮಾಮೆ, ಮಿಸೊ ಹಚ್ಚಿಕೊಂಡು ತಿನ್ನುವ ಸೌತೆಕಾಯಿ, ಕೆಂಡದಲ್ಲಿ ಸುಟ್ಟ ಅಣಬೆ ಮತ್ತು ಹಸಿಮೆಣಸು, ಗಿಂಕೊ ಬೀಜ, ಮೀನಿನ ತುರಿ ಬೇಡವೆಂದು ಹೇಳಿ ತರಿಸಿದ ತೋಫು, ಇಷ್ಟರಲ್ಲಿ ಸಂಜೆ ಕಳೆಯಬೇಕು. ಕುಡಿಯದವರಿಂದ ಕಡಿಮೆ ತೆಗೆದುಕೊಳ್ಳುವ ಒಳ್ಳೆಯ ಕಾನ್‌ಜಿಗಳೂ ಇದ್ದಾರೆ. ಎಲ್ಲರೂ ಹಾಗಿರಬೇಕು.

ಕುಡಿಯದವರು ಜಪಾನೀಯರಲ್ಲೇ ಕಡಿಮೆಯೇನಿಲ್ಲ. ಅವರಲ್ಲಿ ಸುಮಾರು ಶೇ 40 ಜನರಿಗೆ ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಂದು ಲೋಟಕ್ಕೇ ಮುಖ ಕೆಂಪಾಗಿ ಎದೆ ಹೊಡೆದುಕೊಳ್ಳುತ್ತದೆ. ಅಂಥವರನ್ನೂ ಮೇಲಧಿಕಾರಿಯ ಮುಂದೆ ಕೂರಿಸಿ ಕುಡಿಸುತ್ತಿದ್ದ ಕಾಲವೊಂದಿತ್ತು. ಅದು ಕಳೆಯುತ್ತಿದೆ. ನಿಪ್ಪಾನ್ ಲೈಫ್ ವಿಮಾ ಕಂಪನಿ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 62 ಮಂದಿ ಸಹೋದ್ಯೋಗಿಗಳ ಕುಡಿತದ ಕೂಟ ಬೇಡ ಎಂದರು. ವಯಸ್ಕರ ತಲಾ ಮದ್ಯ ಬಳಕೆ 1995ರಲ್ಲಿ ವರ್ಷಕ್ಕೆ 100 ಲೀಟರ್ ಇದ್ದದ್ದು 2020ರಲ್ಲಿ 75 ಲೀಟರಿಗೆ ಇಳಿಯಿತು. ತೆರಿಗೆ ಖೋತಾ ಕಂಡು ರಾಷ್ಟ್ರೀಯ ತೆರಿಗೆ ಸಂಸ್ಥೆ 2022ರಲ್ಲಿ ‘ಸಾಕೆ ವೀವಾ’ ಎಂಬ ಸ್ಪರ್ಧೆ ನಡೆಸಿ, ಯುವಜನರನ್ನು ಮದ್ಯದ ಕಡೆ ಸೆಳೆಯಲು ಉಪಾಯ ಹೇಳಿ ಎಂದು ಅವರನ್ನೇ ಕೇಳಿ ನಗೆಪಾಟಲಾಯಿತು.

ಕೋವಿಡ್ ಕಾಲದ ಏಟು ಬೇರೆ. 2021ರ ಏಪ್ರಿಲ್ ಕೊನೆಯಲ್ಲಿ ಟೋಕಿಯೋ, ಓಸಾಕಾಗಳಲ್ಲಿ ಮದ್ಯ ಮಾರುವ ಹೋಟೆಲುಗಳೇ ಬಾಗಿಲು ಹಾಕಬೇಕೆಂದು ಸರ್ಕಾರ ಕೇಳಿಕೊಂಡಿತು. ಅದಕ್ಕೂ ಮೊದಲೇ, 2020ರ ಅಕ್ಟೋಬರಿನಲ್ಲಿ, ವಾತಾಮಿ ಕಂಪನಿ ತನ್ನ 120 ಇಜಕಾಯಗಳನ್ನು ಮಾಂಸ ಸುಟ್ಟು ತಿನ್ನುವ ಹೋಟೆಲುಗಳಾಗಿ ಬದಲಿಸುವುದಾಗಿ ಸಾರಿತ್ತು. ಹೆಚ್ಚು ಪೆಟ್ಟು ತಿಂದದ್ದು ಕಚೇರಿ ಕೂಟಗಳನ್ನೇ ನೆಚ್ಚಿದ್ದ ಇಂಥ ದೊಡ್ಡ ಸರಪಳಿಗಳು. ಗಂಡ-ಹೆಂಡತಿ ನಡೆಸುವ ಹತ್ತು ಕುರ್ಚಿಯ ಅಂಗಡಿಗೆ ಬರುವವರು ಮೇಲಧಿಕಾರಿ ಕರೆದನೆಂದು ಬಂದವರಲ್ಲ. ಇಜಕಾಯ ಸಾಯುತ್ತಿದೆ ಎಂದು ಬರೆಯುವವರು ಈ ವ್ಯತ್ಯಾಸ ಗಮನಿಸುವುದಿಲ್ಲ. ಸಾಯುತ್ತಿರುವುದು ಕಚೇರಿಯ ಬಲವಂತದ ಕುಡಿತ, ಗೆಳೆಯರ ಮೇಜಲ್ಲ.

ಹೋಗುವುದಾದರೆ ನಾಲ್ವರೇ ಹೋಗಿ. ಅಷ್ಟು ಜನಕ್ಕೆ ಸಣ್ಣ ಅಂಗಡಿಯಲ್ಲೂ ಜಾಗ ಸಿಗುತ್ತದೆ, ಒಂದು ತಟ್ಟೆಯೂ ಸರಿಯಾಗಿ ಹಂಚಿಹೋಗುತ್ತದೆ. ಶಿಂಜುಕುವಿನ ಓಮೊಯಿದೆ ಯೊಕೊಚೊದಂಥ ಹೆಸರಾದ ಗಲ್ಲಿಗಳಲ್ಲಿ ಈಗ ಪ್ರವಾಸಿಗರೇ ಹೆಚ್ಚು. ಯಾವುದಾದರೂ ಸಾಧಾರಣ ಬಡಾವಣೆಯ ರೈಲುನಿಲ್ದಾಣದಲ್ಲಿಳಿದು ಐದು ನಿಮಿಷ ನಡೆದು ಕೆಂಪು ಲಾಂದ್ರ ಹುಡುಕುವುದು ಮೇಲು. ಮೀನು-ಮಾಂಸ ತಿನ್ನದವರು ಕಾಯ್ದಿರಿಸುವಾಗಲೇ ದಾಶಿಯನ್ನೂ ಸೇರಿಸಿ ಹೇಳಬೇಕು. ಕೂತ ಮೇಲೆ ಹೇಳಿದರೆ ಅಡುಗೆಯವರ ಕೈ ಕಟ್ಟಿರುತ್ತದೆ. ವಯಸ್ಕರ ವಯಸ್ಸನ್ನು 2022ರಲ್ಲಿ 18ಕ್ಕೆ ಇಳಿಸಿದರೂ ಕುಡಿಯುವ ವಯಸ್ಸು ಇನ್ನೂ 20. ಕಾರು ಮಾತ್ರ ಬೇಡವೇ ಬೇಡ. 2006ರಲ್ಲಿ ಫುಕುವೋಕಾದಲ್ಲಿ ಕುಡಿದ ಚಾಲಕನಿಂದ ಮೂವರು ಮಕ್ಕಳು ಸತ್ತ ಮೇಲೆ ಕಾನೂನು ಬಿಗಿಯಾಗಿದ್ದು, ಕುಡಿದು ಓಡಿಸುವವನ ಜೊತೆ ಅವನಿಗೆ ಕುಡಿಸಿದವರಿಗೂ, ಗೊತ್ತಿದ್ದೂ ಪಕ್ಕದಲ್ಲಿ ಕೂತು ಹೋದವರಿಗೂ ಶಿಕ್ಷೆಯಿದೆ. ಟೋಕಿಯೋದ ಕೊನೆಯ ರೈಲುಗಳು ರಾತ್ರಿ 12:30ರಿಂದ 1ರೊಳಗೆ ಮುಗಿದುಹೋಗುತ್ತವೆ, ಮರುದಿನದ ಮೊದಲ ರೈಲು ಬೆಳಗಿನ 5ರ ಆಸುಪಾಸಿಗೆ. ‘ಲಾಸ್ಟ್ ಆರ್ಡರ್’ ಎಂದು ಕೇಳಲು ಬಂದಾಗ ಇನ್ನೊಂದು ಲೋಟ ಹೇಳುವ ಮುನ್ನ ನಿಮ್ಮ ಮಾರ್ಗದ ವೇಳಾಪಟ್ಟಿ ನೋಡಿಕೊಳ್ಳಿ.